ಕರೆ ಎಲ್ಲಿಯವರೆಗೆ ಹೋಯ್ತು?

2002ರ ಮಳೆಗಾಲ. ಆಗ ನಾನು ಶಿವಮೊಗ್ಗದ ಒಂದು ಕಂಪ್ಯೂಟರ್ ಸರ್ವೀಸ್ ಅಂಗಡಿಯಲ್ಲಿದ್ದೆ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು.

ನಮ್ಮ ಗಿರಾಕಿಯೊಬ್ಬರು ಆಡಿಟರ್. ಅವರ ಮನೆಯ ಮಹಡಿಯ ಕೋಣೆಯಲ್ಲಿ ಒಂದು ಲಿನಕ್ಸ್ ಸರ್ವರ್ ಇತ್ತು. ರೆಡ್ ಹ್ಯಾಟ್ 7.2 ಅನ್ನುವ ಆವೃತ್ತಿ, ಫೈಲ್ ಹಂಚಲು ಸಾಂಬಾ ಅನ್ನುವ ಪ್ರೋಗ್ರಾಂ. ಅವರ ಕಕ್ಷಿದಾರರ ಲೆಕ್ಕವೆಲ್ಲ ಅದರಲ್ಲೇ. ವಾರದಲ್ಲಿ ಮೂರು ದಿನ ಅವರು ಸಾಗರದ ಆಫೀಸಿನಲ್ಲಿ ಇರುತ್ತಿದ್ದರು. ರಾತ್ರಿ ಒಂಬತ್ತರ ನಂತರ ಅಲ್ಲಿಂದ ಲ್ಯಾಪ್‌ಟಾಪಿನಲ್ಲಿ ಮನೆಗೆ ಡಯಲ್ ಮಾಡಿ, ಬೇಕಾದ ಫೈಲ್ ತೆಗೆದುಕೊಳ್ಳುತ್ತಿದ್ದರು. ನಡುವೆ ಇಂಟರ್ನೆಟ್ ಇರಲೇ ಇಲ್ಲ. ಮಾಡೆಂ ಅಂದರೆ ಕಂಪ್ಯೂಟರಿನ ಮಾತನ್ನು ಫೋನ್ ಲೈನಿನಲ್ಲಿ ಹೋಗುವ ಸದ್ದಾಗಿಸುವ ಸಾಧನ. ಒಂದು ಮಾಡೆಂ ಇನ್ನೊಂದು ಮಾಡೆಂಗೆ ನೇರವಾಗಿ ಫೋನ್ ಮಾಡುತ್ತಿತ್ತು, ಅಷ್ಟೆ.

ಮನೆಯ ಕಡೆ ಫೋನ್ ಎತ್ತುವ ಕೆಲಸ ಎಂಗೆಟ್ಟಿ ಅನ್ನುವ ಪ್ರೋಗ್ರಾಂನದ್ದು. ಗೆರ್ಟ್ ಡೋರಿಂಗ್ ಅವರು ಬರೆದದ್ದು. ಮಾಡೆಂ ಸಿಕ್ಕಿಸುವ ಸೀರಿಯಲ್ ಪೋರ್ಟಿನ ಬಾಗಿಲಲ್ಲಿ ಕೂತು ಫೋನಿನ ಗಂಟೆಗೆ ಕಾಯುತ್ತದೆ. ನಾವು ಐದು ಸಲ ಗಂಟೆ ಹೊಡೆದ ಮೇಲೆ ಎತ್ತು ಅಂತ ಹೇಳಿಟ್ಟಿದ್ದೆವು. ಯಾಕಂದ್ರೆ ಅದೇ ಲೈನಿನಲ್ಲಿ ಕೆಳಗೆ ಹಾಲ್‌ನಲ್ಲಿ ಮನೆಯ ಫೋನೂ ಇತ್ತು. ನೆಂಟರ ಕರೆ ಬಂದರೆ ಮನೆಯವರು ಮೊದಲೇ ಎತ್ತಬೇಕಲ್ವಾ?

ಇದು ಬೇಸಿಗೆಯಿಡೀ ಚೆನ್ನಾಗಿ ನಡೆಯಿತು. ಜೂನ್ ಕೊನೆಗೆ ದೂರು ಶುರುವಾಯಿತು. ಕನೆಕ್ಟ್ ಆಗುತ್ತೆ, ಒಂದು ನಿಮಿಷದೊಳಗೆ ಕಟ್ ಆಗುತ್ತೆ. ಮಾಡೆಂ ಎತ್ತಿದ ಕೂಡಲೇ ಎಸ್‌ಟಿಡಿ (ಬೇರೆ ಊರಿನ ಕರೆಯ) ಮೀಟರ್ ಓಡುತ್ತಿತ್ತು. ಫೈಲ್ ಬರಲಿ, ಬಿಡಲಿ, ದುಡ್ಡು ಹೋಗುತ್ತಿತ್ತು. ರಾತ್ರಿಗೆ ಆರೇಳು ಸಲ ಹೀಗಾದರೆ ಯಾರಿಗಾದರೂ ಬೇಸರವಾಗುತ್ತದೆ.

ನಾನು ಹೋದೆ. ಮಧ್ಯಾಹ್ನ ಬಿಸಿಲಿತ್ತು. ಮಾಡೆಂ ಬದಲಿಸಿದೆ. ಸೀರಿಯಲ್ ಕೇಬಲ್ ಬದಲಿಸಿದೆ. ಪೋರ್ಟಿನ ವೇಗ 115200 ಇದ್ದದ್ದನ್ನು 38400ಕ್ಕೆ ಇಳಿಸಿದೆ. ನಮ್ಮ ಅಂಗಡಿಯಿಂದ ಡಯಲ್ ಮಾಡಿಸಿ ನೋಡಿದೆ, ಹತ್ತು ನಿಮಿಷ ಗಟ್ಟಿಯಾಗಿ ನಿಂತಿತು. ಸರಿಯಾಯ್ತು ಅಂತ ಹೇಳಿ ಬಂದೆ. ಅವತ್ತು ರಾತ್ರಿ ಸಾಗರದಿಂದ ಮತ್ತೆ ಅದೇ ಕಥೆ.

ಮಾರನೇ ದಿನ ಇನ್ನೂ ದೊಡ್ಡ ತಪ್ಪು ಮಾಡಿದೆ. ತೊಂದರೆ ಎಂಗೆಟ್ಟಿಯಲ್ಲೇ ಇರಬೇಕು ಅಂತ ಅದರ ಹೊಸ ಪ್ಯಾಕೇಜ್ ಹಾಕಿದೆ. ಅದರ ಜೊತೆ ಬಂದ ಹೊಸ ಕಾನ್ಫಿಗ್ (ಸೆಟ್ಟಿಂಗ್) ಫೈಲನ್ನು ಹಳೆಯದರ ಮೇಲೆ ಬರೆದೆ. ಹಳೆಯದರ ಪ್ರತಿ ಇಟ್ಟುಕೊಳ್ಳಲಿಲ್ಲ. ಅಂದಿನಿಂದ ಒಂದು ನಿಮಿಷದ ಸಂಪರ್ಕವೂ ಹೋಯಿತು. ಗಂಟೆ ಹೊಡೆಯುತ್ತೆ, ಮಾಡೆಂ ಕಿರುಚುತ್ತೆ, ಆಮೇಲೆ ಏನೂ ಇಲ್ಲ.

ಮೂರನೇ ದಿನ ನಮ್ಮ ಹಿರಿಯ ಇಂಜಿನಿಯರ್ ನನ್ನನ್ನು ಕೂರಿಸಿಕೊಂಡರು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ಕರೆ ಎಲ್ಲಿಯವರೆಗೆ ಹೋಯ್ತು?”

“ಕನೆಕ್ಟ್ ಆಗ್ತಿಲ್ಲ ಸಾರ್.”

“ಅದು ಆಡಿಟರ್ ಹೇಳೋ ಮಾತು. ನೀನು ಹೇಳಬೇಕಾದ್ದು ಬೇರೆ. ಎಲ್ಲಿಯವರೆಗೆ ಹೋಗಿ ನಿಂತಿತು?”

ಬಿಲ್ ಪುಸ್ತಕದ ಹಿಂದುಗಡೆ ಮೆಟ್ಟಿಲು ಬರೆದರು. ಗಂಟೆ ಬಂತಾ. ಮಾಡೆಂ ಎತ್ತಿತಾ. ಎರಡು ಮಾಡೆಂಗಳು ಒಂದು ವೇಗಕ್ಕೆ ಒಪ್ಪಿದವಾ. ಪಿಪಿಪಿ ಮಾತು, ಅಂದರೆ ಫೋನ್ ಲೈನಿನ ಮೇಲೆ ಎರಡು ಕಂಪ್ಯೂಟರ್ ನೆಟ್‌ವರ್ಕ್ ಕಟ್ಟಿಕೊಳ್ಳುವ ಭಾಷೆ, ಶುರುವಾಯ್ತಾ. ಪಾಸ್‌ವರ್ಡ್ ಒಪ್ಪಿಗೆ ಆಯ್ತಾ. ಐಪಿ ವಿಳಾಸ ಸಿಕ್ತಾ. ಆಮೇಲೆ ಫೈಲ್. ಪ್ರತಿ ಮೆಟ್ಟಿಲಿಗೂ ಲಾಗ್‌ನಲ್ಲಿ, ಅಂದರೆ ಯಂತ್ರ ತಾನೇ ಬರೆದಿಡುವ ದಾಖಲೆಯಲ್ಲಿ, ಒಂದು ಸಾಲು ಇರುತ್ತದೆ. ಆ ಸಾಲು ಓದದೆ ಯಾವುದನ್ನೂ ಮುಟ್ಟಬೇಡ ಅಂದರು.

ಲಾಗ್ ಓದಲು ಕೂತೆವು. ಹಿಂದಿನ ನಾಲ್ಕು ವಾರದ್ದು ಹಾಗೇ ಇತ್ತು. ಎರಡು ದಿನ ಆ ಯಂತ್ರದ ಮುಂದೆ ಕೂತಿದ್ದ ನಾನು ಒಂದು ಸಲವೂ ಅದನ್ನು ತೆರೆದಿರಲಿಲ್ಲ.

ಮೊದಲು ನಾನೇ ಮಾಡಿದ ಹಾಳು ಸಿಕ್ಕಿತು. ಅಂಗಡಿಯ ಲಿನಕ್ಸ್ ಯಂತ್ರದಿಂದ ಡಯಲ್ ಮಾಡಿದಾಗ ಆ ಅಂಗಡಿಯ ಯಂತ್ರದ ಲಾಗ್‌ನಲ್ಲಿ ಒಂದು ಸಾಲು ಬಂತು: ಸೀರಿಯಲ್ ಲಿಂಕ್ 8-ಬಿಟ್ ಕ್ಲೀನ್ ಅಲ್ಲ, ಬಂದ ಎಲ್ಲ ಅಕ್ಷರಗಳಲ್ಲೂ 7ನೇ ಬಿಟ್ (ಸೊನ್ನೆಯಿಂದ ಎಣಿಸುವುದರಿಂದ ಎಂಟನೆಯದು, ಎಲ್ಲಕ್ಕಿಂತ ಮೇಲಿನದು) ಸೊನ್ನೆ. ಇದನ್ನು ಓದಿದರೆ ಕೇಬಲ್ ಕೆಟ್ಟಿದೆ ಅಂತಲೇ ಅನ್ನಿಸುತ್ತದೆ. ಬಹಳ ಜನ ಇಲ್ಲೇ ದಾರಿ ತಪ್ಪುತ್ತಾರೆ. ನಿಜವಾದ ಅರ್ಥ ಸಾಮಾನ್ಯವಾಗಿ ಬೇರೆ. ಆ ಕಡೆಯಿಂದ ಪಿಪಿಪಿ ಬರುತ್ತಲೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ ಬರುತ್ತಿದೆ. ಆಸ್ಕಿ, ಅಂದರೆ ಕಂಪ್ಯೂಟರಿನ ಸಾದಾ ಇಂಗ್ಲಿಷ್ ಅಕ್ಷರಗಳಿಗೆ ಏಳು ಬಿಟ್ ಸಾಕು, ಮೇಲಿನದು ಯಾವಾಗಲೂ ಸೊನ್ನೆ. ಅಂದ್ರೆ ಆ ಕಡೆ ಎಂಗೆಟ್ಟಿ “ಲಾಗಿನ್:” ಅಂತ ಬರೆದು, ಯಾರಾದರೂ ಟೈಪ್ ಮಾಡಲಿ ಅಂತ ಕಾಯುತ್ತಿದೆ. ಈ ಕಡೆ ಪಿಪಿಪಿ ತನ್ನ ಭಾಷೆಯಲ್ಲಿ ಕೂಗುತ್ತಿದೆ.

ಎಂಗೆಟ್ಟಿಗೆ ಪಿಪಿಪಿ ಗುರುತಿಸುವ ಶಕ್ತಿ ಇದೆ. ಆದರೆ ಅದರ ಲಾಗಿನ್ ಕಾನ್ಫಿಗ್ ಫೈಲಿನಲ್ಲಿ ಆಟೋಪಿಪಿಪಿ ಅನ್ನುವ ಸಾಲು ಚಾಲೂ ಇರಬೇಕು. ಹೊಸ ಫೈಲಿನಲ್ಲಿ ಆ ಸಾಲಿನ ಮುಂದೆ ಹ್ಯಾಷ್ (#) ಗುರುತು ಇತ್ತು, ಅಂದರೆ ಆ ಸಾಲು ಲೆಕ್ಕಕ್ಕಿಲ್ಲ. ಹ್ಯಾಷ್ ತೆಗೆದದ್ದೇ ತಡ, ಪಿಪಿಪಿ ಮಾತಾಡಿತು. ಅವತ್ತಿನಿಂದ ಇವತ್ತಿನವರೆಗೆ ಯಾವ ಕಾನ್ಫಿಗ್ ಫೈಲ್ ಮುಟ್ಟಿದರೂ ಮೊದಲು ಅದರ ಪ್ರತಿ, ಹೆಸರಿನ ಕೊನೆಗೆ ತಾರೀಖು ಸೇರಿಸಿ ಇಡುತ್ತೇನೆ.

ಇದು ನಾನು ತಂದ ತೊಂದರೆ. ಅವರಿಗೆ ಮೊದಲಿನಿಂದ ಇದ್ದ ತೊಂದರೆ ಹಾಗೇ ಉಳಿದಿತ್ತು.

ಹಿರಿಯರು ಹಳೆಯ ಸಾಲುಗಳನ್ನು ಒಂದೊಂದಾಗಿ ಓದಿಸಿದರು. ಕರೆ ಬಂದಿದೆ. ಮಾಡೆಂ ಎತ್ತಿದೆ. ಕನೆಕ್ಟ್ 31200. ಪಾಸ್‌ವರ್ಡ್ ಸರಿ. ವಿಳಾಸ ಸಿಕ್ಕಿದೆ. ಆಮೇಲೆ “ಮಾಡೆಂ ಹ್ಯಾಂಗಪ್”, ಸಂಪರ್ಕದ ಸಮಯ 0.7 ನಿಮಿಷ. ಅಂದರೆ ಕರೆ ಕೊನೆಯ ಮೆಟ್ಟಿಲವರೆಗೂ ಹೋಗಿತ್ತು. ಆಮೇಲೆ ಕೆಳಗಿನ ಮೆಟ್ಟಿಲು ಕುಸಿದಿತ್ತು. ಲಿನಕ್ಸ್‌ನ ತಪ್ಪು ಅಲ್ಲಿ ಏನೂ ಇರಲಿಲ್ಲ.

ಆಮೇಲೆ ಅವರು ಕನೆಕ್ಟ್ ಸಾಲುಗಳನ್ನು (ಅದರ ಅಂಕಿ ಮಾಡೆಂಗಳು ಒಪ್ಪಿದ ವೇಗ, ಸೆಕೆಂಡಿಗೆ ಅಷ್ಟು ಬಿಟ್) ಮಾತ್ರ ಒಂದು ಹಾಳೆಯಲ್ಲಿ ತಾರೀಖಿನ ಜೊತೆ ಬರೆಯಲು ಹೇಳಿದರು. 31200. 31200. 28800. 21600. 16800. ಮತ್ತೆ 28800. ಕೆಲವು ರಾತ್ರಿ ಚೆನ್ನಾಗಿದೆ, ಕೆಲವು ರಾತ್ರಿ ತೀರಾ ಕೆಳಗೆ. ಏನು ಲೆಕ್ಕ ಇದು ಅಂತ ನನಗೆ ಹೊಳೆಯಲಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆಡಿಟರಿಗೆ ಇನ್ನೊಂದು ಅಸಮಾಧಾನ ಇತ್ತು. “ನಾನು ದುಡ್ಡು ಕೊಟ್ಟದ್ದು 56ಕೆ ಮಾಡೆಂಗೆ, ಯಾವತ್ತೂ 33,600 ದಾಟಿಲ್ಲ” ಅಂತ. ಅದಕ್ಕೆ ಕಾರಣ ಇದೆ. ವಿ.90 ಅನ್ನುವ ಮಾಡೆಂ ಮಾನದಂಡದಲ್ಲಿ 56ಕೆ ಬರಬೇಕಾದರೆ ಒಂದು ತುದಿ ಎಕ್ಸ್‌ಚೇಂಜಿಗೆ ಡಿಜಿಟಲ್ ಆಗಿ ಸೇರಿರಬೇಕು. ಇಂಟರ್ನೆಟ್ ಕೊಡುವ ಕಂಪನಿಗಳ ಕಡೆ ಹಾಗಿರುತ್ತಿತ್ತು. ಎರಡೂ ತುದಿ ಮನೆಯ ಮಾಮೂಲಿ ತಂತಿಯಾದರೆ ಅದಕ್ಕೂ ಹಳೆಯ ವಿ.34 ಮಾನದಂಡದ 33,600 ಬಿಟ್ ವೇಗವೇ ಮಿತಿ. ಮಾಡೆಂ ಎಷ್ಟು ದುಬಾರಿಯದಾದರೂ ಅಷ್ಟೆ. ಗಿರಾಕಿಗೆ ಇದನ್ನು ಮೊದಲೇ ಹೇಳುವುದು ನಮ್ಮ ಕೆಲಸವಾಗಿತ್ತು. ಹೇಳಿರಲಿಲ್ಲ.

ಆ ಸಂಜೆ ಇಬ್ಬರೂ ಮನೆಗೆ ಹೋದೆವು. ಹಿರಿಯರು ಮಹಡಿ ಹತ್ತಲಿಲ್ಲ. ಹಾಲ್‌ನಲ್ಲಿದ್ದ ಫೋನ್ ಹತ್ತಿರ ಹೋದರು. ಆಡಿಟರ ತಾಯಿ ಪಕ್ಕದಲ್ಲೇ ಕೂತು ಹೂವು ಕಟ್ಟುತ್ತಿದ್ದರು. ಎಪ್ಪತ್ತು ದಾಟಿದ ಅಜ್ಜಿ.

“ಅಮ್ಮಾ, ಫೋನ್ ಹೇಗಿದೆ? ಮಾತು ಚೆನ್ನಾಗಿ ಕೇಳ್ಸುತ್ತಾ?”

“ಕೇಳ್ಸುತ್ತೆ ಕಣಪ್ಪ. ಮಳೆ ಹಿಡಿದ್ರೆ ಮಾತ್ರ ಒಂದೇ ಸಮ ಗೊರಗೊರ ಅಂತದೆ. ಜೋರಾಗಿ ಮಾತಾಡಬೇಕು.”

ಎರಡು ದಿನ ಆ ಅಜ್ಜಿಯ ಮುಂದೆಯೇ ಓಡಾಡಿದ್ದೆ. ಕಾಫಿ ಕುಡಿದಿದ್ದೆ. ಇದನ್ನು ಕೇಳಿರಲಿಲ್ಲ. ಆ ಲೈನನ್ನು ದಿನಾ ಕಿವಿಗೆ ಹಿಡಿಯುವವರು ಅವರೊಬ್ಬರೇ ಆಗಿದ್ದರು.

ಹಿರಿಯರು ನಾನು ಬರೆದ ಹಾಳೆ ತೋರಿಸಿ, ಯಾವ ದಿನ ಮಳೆ ಜೋರಿತ್ತು ಅಂತ ನೆನಪಿದೆಯಾ ಅಂತ ಕೇಳಿದರು. ಅಜ್ಜಿ ಗೋಡೆಯ ಕ್ಯಾಲೆಂಡರ್ ಇಳಿಸಿಕೊಟ್ಟರು. ಹಾಲಿನ ಲೆಕ್ಕದ ಜೊತೆ ಗದ್ದೆ ಕೆಲಸದವರು ಬಂದ ದಿನ, ಮಳೆಗೆ ಬಾರದ ದಿನ ಎಲ್ಲ ಗುರುತು ಮಾಡಿಟ್ಟಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟೆವು. 16800 ಬಂದ ರಾತ್ರಿಗಳೆಲ್ಲ ಆಳು ಬಾರದ ದಿನಗಳೇ. ನಮ್ಮ ಲಾಗ್‌ನಲ್ಲಿ ಮಳೆ ದಾಖಲಾಗಿತ್ತು, ನಮಗೆ ಓದಲು ಬಂದಿರಲಿಲ್ಲ.

ಮನುಷ್ಯರು ಮಾತಾಡುವಷ್ಟು ಚೆನ್ನಾಗಿರುವ ಲೈನಿನಲ್ಲಿ ಮಾಡೆಂ ಯಾಕೆ ಸೋಲುತ್ತದೆ ಅಂತ ನೀವು ಕೇಳಬಹುದು. ಗೊರಗೊರದ ನಡುವೆಯೂ ನಮ್ಮ ಕಿವಿ ಮಾತನ್ನು ಹೆಕ್ಕಿಕೊಳ್ಳುತ್ತದೆ. ಒಂದು ಪದ ತಪ್ಪಿದರೆ ಊಹೆ ಮಾಡುತ್ತೇವೆ. ಮಾಡೆಂಗೆ ಆ ಅನುಕೂಲ ಇಲ್ಲ. ಫೋನಿನ ತಂತಿಯಲ್ಲಿ ಸಿಗುವುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಜಾಗ. 33,600 ವೇಗ ಬೇಕಾದರೆ ಅದೇ ಜಾಗದಲ್ಲಿ ಸೆಕೆಂಡಿಗೆ 3,429 ಸಂಕೇತ ಕಳಿಸಬೇಕು, ಒಂದೊಂದರಲ್ಲೂ ಸುಮಾರು 10 ಬಿಟ್ ತುಂಬಬೇಕು. ಒಂದು ಸಂಕೇತಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಸ್ವಲ್ಪ ಗದ್ದಲ ಸೇರಿದರೂ ಎರಡೂ ಒಂದೇ ಥರ ಕಾಣುತ್ತವೆ. ಆಗ ಮಾಡೆಂಗಳು ಮಾತು ನಿಲ್ಲಿಸಿ, ಮತ್ತೆ ಲೈನ್ ಅಳೆದು, ವೇಗ ಇಳಿಸಿ ಹೊಂದಿಕೊಳ್ಳಲು ನೋಡುತ್ತವೆ. ಆಗಲಿಲ್ಲ ಅಂದರೆ ಫೋನ್ ಇಟ್ಟುಬಿಡುತ್ತವೆ. ನಮ್ಮ 0.7 ನಿಮಿಷ ಅದೇ.

ಹಿರಿಯರು ರಿಸೀವರ್ ಎತ್ತಿ ಒಂದು ಅಂಕಿ ಒತ್ತಿದರು. ಡಯಲ್ ಟೋನ್ ನಿಂತಿತು. ಕಿವಿಗಿಟ್ಟು ನನಗೆ ಕೊಟ್ಟರು. ಒಳ್ಳೆಯ ಲೈನಾದರೆ ಈಗ ನಿಶ್ಶಬ್ದ ಇರಬೇಕು. ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಕೇಳಿಸುತ್ತಿತ್ತು. ಹೊರಗೆ ಹನಿ ಶುರುವಾಗಿತ್ತು.

ಆಮೇಲೆ ತಂತಿ ಮನೆಯೊಳಗೆ ಬರುವ ಜಾಗಕ್ಕೆ ಹೋಗಿ, ಒಳಗಿನ ವೈರಿಂಗ್ ಎಲ್ಲ ಬಿಚ್ಚಿ, ನಮ್ಮ ಫೋನನ್ನು ನೇರ ಹೊರಗಿನ ತಂತಿಗೆ ಹಾಕಿ ಕೇಳಿದೆವು. ಪೂರ್ತಿ ಮೌನ. ಅಂದರೆ ಕಂಬದಿಂದ ಮನೆಯವರೆಗೆ ಎಲ್ಲ ಸರಿ, ದೋಷ ಮನೆಯೊಳಗೆ. ಈ ಒಂದು ಪರೀಕ್ಷೆ ಮಾಡದೆ ಲೈನ್‌ಮನ್‌ನನ್ನು ಕರೆಸಿದ್ದರೆ ಅವರ ದಿನವೂ ಹಾಳು, ನಮ್ಮದೂ ಹಾಳು.

ಹಾಲ್‌ನ ರೋಸೆಟ್ ಬಾಕ್ಸ್, ಅಂದರೆ ಫೋನ್ ತಂತಿ ಸೇರುವ ಸಣ್ಣ ಪೆಟ್ಟಿಗೆ, ಕಿಟಕಿಯ ಕೆಳಗೇ ಇತ್ತು. ಮುಚ್ಚಳ ತೆಗೆದರೆ ಗೋಡೆ ಒದ್ದೆ. ತಿರುಪುಗಳ ಮೇಲೆ ಹಸಿರು ಕಿಲುಬು. ಎರಡು ತಂತಿಗಳ ನಡುವೆ ತೇವ. ಮಹಡಿಯ ಮಾಡೆಂಗೆ ಹೋಗುವ ತಂತಿ ಇದೇ ಪೆಟ್ಟಿಗೆಯಿಂದ ಮೇಲೆ ಹತ್ತಿತ್ತು. ಕಿಲುಬು ಹಿಡಿದ ತುದಿ ಕತ್ತರಿಸಿ, ಹೊಸ ತಾಮ್ರ ಬಿಡಿಸಿ, ಹೊಸ ರೋಸೆಟ್ಟನ್ನು ಒಣ ಗೋಡೆಗೆ ಹಾಕಿದೆವು. ಮಾಡೆಂಗೆ ಹೊರಗಿನ ತಂತಿಯಿಂದಲೇ ಬೇರೆ ಎಳೆದೆವು. ಎಲ್ಲ ಸೇರಿ ಒಂದು ಗಂಟೆಯ ಕೆಲಸ.

“ಈಗ ಪರೀಕ್ಷೆ ಮಾಡಿದ್ರೆ ಪ್ರಯೋಜನ ಇಲ್ಲ. ಮಳೆ ಬರಲಿ” ಅಂದರು ಹಿರಿಯರು. ಬಿಸಿಲಲ್ಲಿ ಪರೀಕ್ಷೆ ಮಾಡಿ ಬಂದಿದ್ದ ನನಗೆ ಆ ಮಾತು ನಾಟಿತು. ಒಂಬತ್ತಕ್ಕೆ ಜಡಿಮಳೆ ಹಿಡಿಯಿತು. ಸಾಗರದಿಂದ ಕರೆ ಬಂತು. ಐದು ಸಲ ಗಂಟೆ, ಕಿರುಚಾಟ, ಕನೆಕ್ಟ್ 31200. ನಲವತ್ತು ನಿಮಿಷ ನಿಂತಿತು. ಅವರೇ ಕೆಲಸ ಮುಗಿಸಿ ಇಟ್ಟರು.

ಸಾಗರದ ಕಡೆ ಒಂದು ಸಣ್ಣ ತೊಡಕು ಉಳಿದಿತ್ತು. ಲ್ಯಾಪ್‌ಟಾಪ್ ಕೆಲವೊಮ್ಮೆ “ಡಯಲ್ ಟೋನ್ ಇಲ್ಲ” ಅನ್ನುತ್ತಿತ್ತು. ಫೋನಿನಲ್ಲಿ ಕೇಳಿದರೆ ಟೋನ್ ಇದೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಸೇರಿದ್ದು. ನಮ್ಮ ದೇಶದ್ದು 400 ಹರ್ಟ್ಸ್, 25 ಹರ್ಟ್ಸ್‌ನಲ್ಲಿ ಅಲೆಯುವಂಥದ್ದು. ಅಲ್ಲಿಯ ಟೋನಿಗೆ ಹೊಂದಿಸಿದ ಮಾಡೆಂ ನಮ್ಮದನ್ನು ಗುರುತಿಸದೇ ಇರಬಹುದು. ಟೋನಿಗೆ ಕಾಯಬೇಡ ಅಂತ ಎಟಿಎಕ್ಸ್3 ಅನ್ನುವ ಮಾಡೆಂ ಆಜ್ಞೆ ಸೇರಿಸಿದರೆ ಸಾಕು. ಫೋನಿನಲ್ಲೇ ಹೇಳಿ ಮಾಡಿಸಿದೆ.

ಈಗ ನಾನು ಬೆಂಗಳೂರಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಮಾಡೆಂ ಮುಟ್ಟಿ ಎಷ್ಟೋ ವರ್ಷವಾಯಿತು. “ವಿಪಿಎನ್ ಬರ್ತಿಲ್ಲ” (ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಸೇರುವ ದಾರಿ ಅದು) ಅಂತ ದೂರಿನ ಟಿಕೆಟ್ ಬಂದರೆ ನನ್ನ ತಂಡದ ಹುಡುಗರನ್ನು ನಾನೂ ಅದನ್ನೇ ಕೇಳುತ್ತೇನೆ: ಎಲ್ಲಿಯವರೆಗೆ ಹೋಯ್ತು? ಸರ್ವರಿನ ಹೆಸರಿಗೆ ಐಪಿ ವಿಳಾಸ ಸಿಕ್ತಾ, ಪ್ಯಾಕೆಟ್ ಆ ಕಡೆ ಮುಟ್ಟಿತಾ, ಗುರುತು ಒಪ್ಪಿತಾ? ಸುಮ್ನೆ ರೀಸ್ಟಾರ್ಟ್ ಮಾಡುವುದಕ್ಕೆ ಮೊದಲು ಆ ಸಾಲನ್ನು ನನಗೆ ತೋರಿಸಬೇಕು. ಜೊತೆಗೆ, ಆ ಜಾಗದಲ್ಲಿ ದಿನವಿಡೀ ಕೂತಿರುವವರು ಯಾರು, ಅವರನ್ನು ಕೇಳಿದಿರಾ ಅಂತಲೂ ಕೇಳುತ್ತೇನೆ. ಸೆಕ್ಯುರಿಟಿಯವರು, ರಿಸೆಪ್ಷನ್‌ನವರು, ಕಸ ಗುಡಿಸುವ ಅಮ್ಮ, ಯಾರಾದರೂ ಸರಿ.

ಅವತ್ತು ಹೊರಡುವ ಮೊದಲು ಅಜ್ಜಿಗೆ ಒಂದು ಕೆಲಸ ಒಪ್ಪಿಸಿ ಬಂದಿದ್ದೆ. ಫೋನಿನಲ್ಲಿ ಸದ್ದು ಬಂದ ದಿನ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ, ಅಂಗಡಿಗೆ ಒಂದು ಫೋನ್ ಮಾಡಿ ಅಂತ. ಮುಂದಿನ ವರ್ಷ ಜುಲೈನಲ್ಲಿ ಅವರ ಫೋನ್ ಬಂತು.

“ನಿನ್ನೆ ಸಂಜೆಯಿಂದ ಮತ್ತೆ ಶುರುವಾಗಿದೆ ಕಣಪ್ಪ. ಈ ಸಲ ಗೊರಗೊರ ಅಲ್ಲ, ನಡುನಡುವೆ ಟಕ್ ಟಕ್ ಅಂತದೆ.”

ಹೋಗಿ ಹೊರಗಿನ ತಂತಿಗೆ ಫೋನ್ ಹಾಕಿ ಕೇಳಿದೆ. ಅಲ್ಲೂ ಅದೇ ಸದ್ದು. ಮನೆಯೊಳಗೆ ಏನೂ ಮುಟ್ಟಲಿಲ್ಲ. ಲೈನ್‌ಮನ್‌ಗೆ ಅಷ್ಟೇ ಹೇಳಿದೆ. ಅವರು ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಸಡಿಲವಾಗಿದ್ದ ಜೋಡಣೆ ಬಿಗಿ ಮಾಡಿ ಹೋದರು. ಆಡಿಟರ್ ಆ ವಾರ ಸಾಗರಕ್ಕೆ ಇನ್ನೂ ಹೊರಟಿರಲಿಲ್ಲ.