ಕೆರೆ ಕಾಣುವ ರೂಮಿಗೆ ಜಾಸ್ತಿ ದುಡ್ಡು ಕೊಡಬೇಡಿ

ಕೊಡಗಿನಲ್ಲಿ ‘ಲೇಕ್ ವ್ಯೂ ಕಾಟೇಜ್’ ಅಂತ ಬೋರ್ಡ್ ಹಾಕಿರುವ ಎಷ್ಟೋ ಕಡೆ ಆ ಲೇಕ್ ಅಂದರೆ ಕಾಫಿ ತೋಟದ ಕೆರೆ. ಗಿಡಕ್ಕೆ ನೀರು ಕೊಡಲು ತೋಡಿಸಿದ್ದು. ನಾವು ಫೆಬ್ರವರಿ ಕೊನೆಯಲ್ಲಿ ಸಿದ್ದಾಪುರದ ಹತ್ತಿರ ಅಂಥದ್ದೊಂದರಲ್ಲಿ ಉಳಿದೆವು. ಕೆರೆ ಕಾಣುವ ರೂಮು ಅಂತ ದಿನಕ್ಕೆ 800 ರೂಪಾಯಿ ಜಾಸ್ತಿ ತಗೊಂಡರು. ಬೆಳಗಿನ ಜಾವ ಐದಕ್ಕೆ ಕಿಟಕಿಯ ಕೆಳಗೇ ಡೀಸೆಲ್ ಪಂಪು ಶುರುವಾಯಿತು.

ರೋಬಸ್ಟಾ ಕಾಫಿ ಹೂ ಬಿಡಬೇಕಾದರೆ ಈ ಹೊತ್ತಿನಲ್ಲಿ ನೀರು ಬೇಕು. ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಓಡಿಸಲೇಬೇಕು. ಅದು ತೋಟದವರ ಹೊಟ್ಟೆಪಾಡು, ಅದಕ್ಕೆ ನನ್ನ ತಕರಾರಿಲ್ಲ. ಬುಕ್ ಮಾಡುವಾಗ ಒಂದು ಮಾತು ಹೇಳಬಹುದಿತ್ತು, ಅಲ್ವಾ? ಕೇಳಿದ್ದಕ್ಕೆ ತೋಟದ ಲೆಕ್ಕ ಬರೆಯುವ ರೈಟರ್ ನಕ್ಕು, “ಇನ್ನೊಂದು ವಾರ ಇರಿ ಸಾರ್, ಹೂವು ನೋಡಿಕೊಂಡೇ ಹೋಗಿ” ಅಂದರು. ನಾವು ಹೊರಡುವ ಹೊತ್ತಿಗೆ ಕೆರೆಯ ಸುತ್ತ ಅಗಲಕ್ಕೆ ಕೆಸರು ಎದ್ದಿತ್ತು. ಫೋಟೋದಲ್ಲಿ ತುಂಬಿ ತುಳುಕುತ್ತಿದ್ದದ್ದು ಮಳೆಗಾಲದ ಕೆರೆ.

ಆದರೆ ಹಕ್ಕಿ ನೋಡುವವರಿಗೆ ಆ ಕೆಸರೇ ಲಾಭ. ನೀರು ಇಳಿದಷ್ಟೂ ಬೆಳ್ಳಕ್ಕಿಗಳು ಬಂದು ಇಳಿದವು. ಒಂದು ನೀರುಕಾಗೆ ಪಂಪಿನ ಪೈಪಿನ ಮೇಲೇ ರೆಕ್ಕೆ ಹರಡಿ ಕೂರುತ್ತಿತ್ತು. ಅದರ ಪುಕ್ಕ ನೀರು ಹೀರುತ್ತದೆ, ಮುಳುಗಿ ಎದ್ದ ಮೇಲೆ ಒಣಗಿಸಿಕೊಳ್ಳಲೇಬೇಕು. ಅಷ್ಟು ಗದ್ದಲದಲ್ಲೂ ಅದಕ್ಕೇನೂ ಅನ್ನಿಸಿದ ಹಾಗೆ ಕಾಣಲಿಲ್ಲ, ನಿದ್ದೆ ಕೆಟ್ಟದ್ದು ನಮಗೆ ಮಾತ್ರ. ಏರಿಯ ಕಲ್ಲಿನ ಮೇಲೆ ಏಡಿ ಚಿಪ್ಪಿನ ಚೂರು ತುಂಬಿದ ಹಿಕ್ಕೆ ಬಿದ್ದಿತ್ತು. ನೀರುನಾಯಿದು ಅಂದರು ಮೇಸ್ತ್ರಿ. ನಾಯಿ ಮಾತ್ರ ಕಾಣಲಿಲ್ಲ.

ಎರಡನೇ ರಾತ್ರಿ ಜಗಳ ಮಾಡಿ ಹಿಂದಿನ ರೂಮಿಗೆ ಹೋದೆವು. ಬಾಡಿಗೆ ಕಮ್ಮಿ, ನೋಟ ಜಾಸ್ತಿ. ಕಿಟಕಿಯ ಎದುರಿಗೇ ದೊಡ್ಡ ಅತ್ತಿ ಮರ. ದಿನಾ ಬೆಳಿಗ್ಗೆ ಅದಕ್ಕೆ ಕೆಂಜಳಿಲು ಬರುತ್ತಿತ್ತು. ಬೆಂಗಳೂರಿನ ಕಾಂಪೌಂಡಿನ ಅಳಿಲು ನೋಡಿದವರಿಗೆ ಇದು ಅಳಿಲು ಅಂತ ನಂಬೋದೇ ಕಷ್ಟ. ಬಾಲವೇ ಮೈಗಿಂತ ಉದ್ದ. ಹಿಂಗಾಲಲ್ಲಿ ಕೊಂಬೆ ಹಿಡಿದು ತಲೆಕೆಳಗಾಗಿ ನೇತುಬಿದ್ದು, ಎರಡು ಕೈಯಲ್ಲಿ ಹಣ್ಣು ಹಿಡಿದು ತಿನ್ನುತ್ತದೆ. ನೆಲಕ್ಕೆ ಇಳಿಯುವುದು ಅಪರೂಪ, ಹಾಗಾಗಿ ಮೇಲೆ ನೋಡಿ. ಬಚ್ಚಲಲ್ಲಿ ಒಂದು ಮರಗಪ್ಪೆಯೂ ಇತ್ತು. ಹೊರಗೆ ಬಿಟ್ಟರೂ ರಾತ್ರಿ ಅದೇ ಜಾಗಕ್ಕೆ ವಾಪಸ್. ಏನೂ ಮಾಡಲ್ಲ, ಲೈಟ್ ಹಾಕಿ ಕಾಲಿಡಿ ಅಷ್ಟೇ.

ಕೋತಿಗಳ ವಿಷಯ ಬೇರೆ. ಪಕ್ಕದ ರೂಮಿನವರು ಹಿಂದಿನ ದಿನ ಚಿಪ್ಸ್ ಹಾಕಿದ್ದರಂತೆ. ಮರುದಿನ ಸ್ಲೈಡಿಂಗ್ ಕಿಟಕಿ ಸರಿಸಿ ಒಂದು ಒಳಗೆ ಬಂತು. ರಸ್ಕ್ ಪ್ಯಾಕೆಟ್ಟಿನ ಜೊತೆ ನನ್ನ ಬಿಪಿ ಮಾತ್ರೆಯನ್ನೂ ಎತ್ತಿಕೊಂಡು ಹೋಯಿತು. ದಯವಿಟ್ಟು ಏನೂ ಹಾಕಬೇಡಿ. ಕಿಟಕಿಗೆ ಚಿಲಕ ಇದೆಯಾ ಅಂತ ಹೋದ ತಕ್ಷಣ ನೋಡಿ.

ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆಯಬೇಡಿ. ಸಿದ್ದಾಪುರದ ಕಡೆ ತೋಟಗಳಿಗೆ ಆನೆ ಬರುವುದು ಹೊಸದಲ್ಲ. ಕೆರೆಯ ನೀರು, ಹಲಸಿನ ಹಣ್ಣು ಎರಡೂ ಅವಕ್ಕೆ ಬೇಕು. ಲೈನ್‌ಮನೆಯ ಕೂಲಿಯವರೇ ಸಂಜೆಯಾದರೆ ಹೊರಗೆ ಬರಲ್ಲ. ವೀಕೆಂಡಿಗೆ ಬಂದ ಗುಂಪೊಂದು ಮಾತ್ರ ಏರಿಯ ಮೇಲೆ ಸ್ಪೀಕರ್ ಹಾಕಿ ಕುಣಿಯುತ್ತಿತ್ತು. ಸಾಧ್ಯವಾದರೆ ಶನಿವಾರ, ಭಾನುವಾರ ಬಿಟ್ಟು ಹೋಗಿ. ಮಳೆಗಾಲದಲ್ಲಾದರೆ ಕೆರೆ ತುಂಬಿರುತ್ತದೆ, ಪಂಪು ಇರಲ್ಲ, ಬದಲಿಗೆ ಜಿಗಣೆ ಇರುತ್ತದೆ. ಉದ್ದ ಕಾಲುಚೀಲ ಇಟ್ಟುಕೊಳ್ಳಿ.

ಕುಶಾಲನಗರದವರೆಗೆ ಸರ್ಕಾರಿ ಬಸ್ಸು ಬೇಕಾದಷ್ಟಿವೆ. ಅಲ್ಲಿಂದ ನಮಗೆ ಸಿಕ್ಕಿದ್ದು ಖಾಸಗಿ ಬಸ್ಸು. ಮನೆಯವರು ಅಭ್ಯಾಸಬಲದಿಂದ ಆಧಾರ್ ತೆಗೆದರು, ಕಂಡಕ್ಟರ್ ಕೈ ಆಡಿಸಿದ. ಶಕ್ತಿ ಯೋಜನೆ ಖಾಸಗಿ ಬಸ್ಸಿಗಿಲ್ಲ. ಚಿಲ್ಲರೆ ಇಟ್ಟುಕೊಳ್ಳಿ. ನಿಂತೇ ಹೋಗಬೇಕಾದರೆ ತಿರುವುಗಳಲ್ಲಿ ಹೊಟ್ಟೆ ತೊಳೆಸುತ್ತದೆ.

ದುಬಾರೆ, ಮಡಿಕೇರಿ ಬಗ್ಗೆ ಬರೆಯಲ್ಲ, ಎಲ್ಲರೂ ಬರೆದಿದ್ದಾರೆ. ಊಟದ ಬಗ್ಗೆ ಬರೆಯಲೇಬೇಕು. ಕಾಟೇಜಿನಲ್ಲಿ ಬಫೆಗೆ ತಲೆಗೆ 450, ಅದೇ ಪನೀರು, ಅದೇ ಗೋಬಿ. ನಾವು ತಿಂದಿದ್ದು ತೋಟದ ಗೇಟಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಶೀಟಿನ ಹೋಟೆಲಿನಲ್ಲಿ. ಬೋರ್ಡಿಲ್ಲ, ಮೂರೇ ಬೆಂಚು. ಅಕ್ಕ ಒಬ್ಬರೇ ಮಾಡಿ ಬಡಿಸುತ್ತಾರೆ. ಬೆಳಿಗ್ಗೆ ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಕೋಳಿ ಸಾರು. ಮಧ್ಯಾಹ್ನ ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಪಂದಿ ಕರಿ ಅಂದರೆ ಹಂದಿ ಮಾಂಸದ ಸಾರು. ಕಡಂಬುಟ್ಟು ಬಿಸಿಬಿಸಿಯಾಗಿ ಹಬೆಯಿಂದಲೇ ತಟ್ಟೆಗೆ ಬೀಳುತ್ತದೆ. ಮುರಿದು ಸಾರಿನಲ್ಲಿ ಅದ್ದಿ ತಿನ್ನಬೇಕು. ಪಂದಿ ಕರಿಗೆ ಹುಣಸೆ ಅಲ್ಲ, ಕೊಡಗಿನ ಹಣ್ಣಿನ ಹುಳಿ ಕಾಚಂಪುಳಿ ಹಾಕಿದ್ದರು. ಕಪ್ಪು ಬಣ್ಣ, ಹದವಾದ ಹುಳಿ, ಹಿಂದಿನಿಂದ ಕಾಳುಮೆಣಸಿನ ಖಾರ. ಮಾಂಸ ತಿನ್ನದ ಮನೆಯವರಿಗೆ ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿಕೊಟ್ಟರು. ಇಬ್ಬರಿಗೂ ಸೇರಿ 260 ರೂಪಾಯಿ. “ಇನ್ನೆರಡು ಹಾಕಲಾ?” ಅಂತ ಕೇಳಿದ ಮೇಲೆ ಬೇಡ ಅನ್ನೋಕೆ ಆಗಲ್ಲ.

ಹನ್ನೊಂದರೊಳಗೆ ಹೋಗಿ ಎಷ್ಟು ಜನ ಅಂತ ಹೇಳಿ ಬನ್ನಿ, ಇಲ್ಲದಿದ್ದರೆ ಪಂದಿ ಕರಿ ಮುಗಿದಿರುತ್ತದೆ. ಸಂಜೆ ಹೋದರೆ ಟೀ, ಬನ್ನು ಮಾತ್ರ.