ಸರಿ ಹೇಳಿದವಳಿಗೆ ಬಜರ್

ಜುಲೈ ತಿಂಗಳು, ತೀರ್ಥಹಳ್ಳಿ ಕಡೆಯ ಒಂದು ಕಾಲೇಜು. ಹೊರಗೆ ಮಳೆ ಹೊಯ್ಯುತ್ತಿತ್ತು. ಒಳಗೆ ಫೈನಲ್ ಇಯರ್ ಬಿಕಾಂ ಮಕ್ಕಳು, ಬಾಗಿಲ ಮೂಲೆಯಲ್ಲಿ ಒದ್ದೆ ಕೊಡೆಗಳ ರಾಶಿ. ನಾನು ಶಿವಮೊಗ್ಗದಿಂದ ಹೊಸ ಸ್ಲೈಡ್ ಹೊತ್ತುಕೊಂಡು ಹೋಗಿದ್ದೆ. ಹಣಕಾಸು ಸಾಕ್ಷರತೆ, ಮಾಡ್ಯೂಲ್ 4, ಉಳಿತಾಯ.

ಹಳೇ ಸ್ಲೈಡಿಗೆ ಮಕ್ಕಳು ತೂಕಡಿಸುತ್ತಾರೆ ಅಂತ ಮೇಲಿನವರ ದೂರು. 'ಇಂಟರಾಕ್ಟಿವ್ ಮಾಡಿ, ಕ್ಲಾಸಲ್ಲಿ ಸದ್ದಿರಬೇಕು' ಅಂದಿದ್ದರು. ಎರಡು ವಾರ ಕೂತು ಟ್ರಿಗರ್ ಹಾಕಿದೆ. ಸರಿ ಉತ್ತರಕ್ಕೆ ಹಸಿರು ಟಿಕ್, ಚಪ್ಪಾಳೆ. ತಪ್ಪಿಗೆ ಕೆಂಪು ಗುರುತು, ಬಜರ್. ಸರಿ ಉತ್ತರ ಒತ್ತುವ ತನಕ ನೆಕ್ಸ್ಟ್ ಬಟನ್ನೇ ಕಾಣುವುದಿಲ್ಲ. ಈ ಕೊನೆಯದು ಯಾರೂ ಕೇಳಿದ್ದಲ್ಲ, ನನ್ನದೇ ತಲೆ. ಹೆಮ್ಮೆ ಬೇರೆ ಇತ್ತು.

ಪ್ರಶ್ನೆ ಇಷ್ಟೇ: ಇಲ್ಲಿಟ್ಟ ದುಡ್ಡಿಗೆ ಡಿಐಸಿಜಿಸಿ ಠೇವಣಿ ವಿಮೆ ಇದೆಯಾ, ಇಲ್ಲವಾ? ಡಿಐಸಿಜಿಸಿ ಅಂದರೆ ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ದುಡ್ಡು ಕೊಡುವ, ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ. ಒಂದೊಂದು ಕಾರ್ಡಿನಲ್ಲಿ ದುಡ್ಡಿಡುವ ಒಂದೊಂದು ಜಾಗದ ಹೆಸರು. 'ಸಹಕಾರಿ' ಅನ್ನುವ ಕಾರ್ಡ್ ಬಂತು. ಎರಡನೇ ಬೆಂಚಿನ ಹುಡುಗಿ ಎದ್ದು ಬಂದು 'ಇಲ್ಲ' ಒತ್ತಿದಳು.

ಬಜರ್. ಹಿಂದಿನ ಬೆಂಚು ಹೋ ಅಂದಿತು.

ಅವಳು ವಾಪಸ್ ಹೋಗಲಿಲ್ಲ. "ಸರ್, ನಮ್ಮಪ್ಪ ಸೊಸೈಟಿಲಿ ಎರಡು ವರ್ಷದ ಅಡಿಕೆ ದುಡ್ಡು ಇಟ್ಟಿದ್ರು. ಈಗ ಬಾಗ್ಲು ಹಾಕಿದಾರೆ. ವಿಮೆ ಗಿಮೆ ಏನಿಲ್ಲ ಅಂತ ಅವ್ರೇ ಹೇಳಿದ್ರು."

ಅಲ್ಲೇ ಸುಮ್ನಿದ್ದರೆ ಆಗುತ್ತಿತ್ತು. ನಾನು ಸ್ಲೈಡ್ ನಂಬಿದೆ. "ಇಲ್ಲಮ್ಮಾ, ಸಹಕಾರಿಗೂ ಉಂಟು. 5 ಲಕ್ಷದವರೆಗೆ ಬರತ್ತೆ, ಅರ್ಜಿ ಹಾಕೋಕೆ ಹೇಳಿ" ಅಂದುಬಿಟ್ಟೆ. ಅವಳ ಮುಖದಲ್ಲಿ ಒಂದು ಕ್ಷಣ ಆಸೆ ಕಂಡಿತು. ಅದು ಈಗಲೂ ಚುಚ್ಚುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಮುಂದೆ ಹೋಗಬೇಕಲ್ಲ, ನೆಕ್ಸ್ಟ್ ಇಲ್ಲ. ಕಿಯಾಸ್ಕ್ ಮೋಡ್, ಬಾಣದ ಕೀ ಕೆಲಸ ಮಾಡುವುದಿಲ್ಲ. ಎಸ್ಕೇಪ್ ಒತ್ತಬಹುದು ಅಂತ ಹೊಳೆಯಲೇ ಇಲ್ಲ. ಅವಳು ಪಕ್ಕದಲ್ಲೇ ನಿಂತಿದ್ದಳು. ನಾನೇ ಹೋಗಿ 'ಇದೆ' ಒತ್ತಿದೆ. ಹಸಿರು ಟಿಕ್. ಸ್ಪೀಕರಿನಿಂದ ಚಪ್ಪಾಳೆ. ಕ್ಲಾಸಿನಲ್ಲಿ ಯಾರೂ ನಗಲಿಲ್ಲ.

ರಾತ್ರಿ ರೂಮಿಗೆ ಬಂದು ಹಳೇ ಫೈಲ್ ತೆಗೆದೆ. ಮೊದಲ ಆವೃತ್ತಿಯಲ್ಲಿ ಎರಡು ಕಾರ್ಡ್ ಇದ್ದವು: 'ಸಹಕಾರಿ ಬ್ಯಾಂಕ್', 'ಪತ್ತಿನ ಸಹಕಾರ ಸಂಘ'. ಎರಡನೆಯದು ಡಬ್ಬಿಯೊಳಗೆ ಹಿಡಿಸಿರಲಿಲ್ಲ. ಫಾಂಟ್ ಸಣ್ಣ ಮಾಡಿದರೆ ಒತ್ತಕ್ಷರ ಹಿಂದಿನವರಿಗೆ ಕಾಣುವುದಿಲ್ಲ. ಎರಡೂ ಒಂದೇ ಅಲ್ವಾ ಅಂತ ಸೇರಿಸಿ 'ಸಹಕಾರಿ' ಮಾಡಿದ್ದೆ. ಒಂದೇ ಅಲ್ಲ. ಸಹಕಾರಿ ಬ್ಯಾಂಕಿನ ಠೇವಣಿಗೆ ಈ ವಿಮೆ ಇದೆ. 1 ಲಕ್ಷ ಇದ್ದದ್ದು 2020ರ ಫೆಬ್ರವರಿಯಿಂದ 5 ಲಕ್ಷವಾಗಿದೆ, ಅಸಲು ಬಡ್ಡಿ ಎರಡೂ ಸೇರಿ. ಸಂಘಕ್ಕೆ ಇಲ್ಲ. ನಮ್ಮ ಕಡೆ ಬಾಯಿಮಾತಿನಲ್ಲಿ ಎಲ್ಲವೂ ಸೊಸೈಟಿ, ಎಲ್ಲವೂ ಬ್ಯಾಂಕು. ಆ ಗೊಂದಲ ಬಿಡಿಸುವುದಕ್ಕೇ ಆ ಸ್ಲೈಡ್ ಇದ್ದದ್ದು.

ಹುಡುಕುತ್ತಾ ಇನ್ನೊಂದೂ ಸಿಕ್ಕಿತು. ಪೋಸ್ಟಾಫೀಸಿಗೆ 'ಇಲ್ಲ' ಅನ್ನುವುದು ನನ್ನ ಸರಿ ಉತ್ತರ. ತಪ್ಪೇನಲ್ಲ, ಡಿಐಸಿಜಿಸಿ ಅಲ್ಲಿಗೆ ಬರುವುದಿಲ್ಲ. ಆದರೆ ಆ ದುಡ್ಡಿನ ಹಿಂದೆ ಸರ್ಕಾರವೇ ನಿಂತಿದೆ. ಬರೀ 'ಇಲ್ಲ' ಅಂತ ಹಸಿರು ಟಿಕ್ ಕೊಟ್ಟರೆ ಅಜ್ಜಿಯ ಆರ್‌ಡಿ ಮುರಿಸಲು ಹೊರಡುತ್ತಾರೆ.

ಬೆಳಿಗ್ಗೆ ಅಲ್ಲಿನ ಉಪನ್ಯಾಸಕಿಗೆ ಫೋನ್ ಮಾಡಿ, ನಾನು ಹೇಳಿದ್ದು ತಪ್ಪು ಅಂತ ಕ್ಲಾಸಿನಲ್ಲೇ ಓದಿಸಿದೆ. ಬಜರ್, ಚಪ್ಪಾಳೆ ಎರಡೂ ತೆಗೆದೆ. ನೆಕ್ಸ್ಟ್ ಮೊದಲಿನಿಂದಲೇ ಕಾಣುತ್ತದೆ. ಯಾವ ಉತ್ತರ ಒತ್ತಿದರೂ ಕಾರಣ ಬರುತ್ತದೆ. 'ರಸೀದಿ ನೋಡಿ ಹೇಳಬೇಕು' ಅನ್ನುವ ಮೂರನೇ ಬಟನ್ ಹಾಕಿದ್ದೇನೆ, ಜಾಸ್ತಿ ಜನ ಒತ್ತುವುದು ಅದನ್ನೇ. ಮ್ಯಾನೇಜರಿಗೆ ಕ್ಲಾಸು ಸಪ್ಪೆ ಅನ್ನಿಸಿದೆಯಂತೆ.

'ಪತ್ತಿನ ಸಹಕಾರ ಸಂಘ' ಈಗ ಎರಡು ಸಾಲು, ಆ ಕಾರ್ಡ್ ಪಕ್ಕದ್ದಕ್ಕಿಂತ ಎತ್ತರ. ಪ್ರತಿ ರಿವ್ಯೂನಲ್ಲೂ 'ಅಲೈನ್‌ಮೆಂಟ್ ಸರಿ ಮಾಡಿ' ಅಂತ ಕಾಮೆಂಟ್ ಬರುತ್ತದೆ. ರಿಸಾಲ್ವ್ ಒತ್ತಿ ಹಾಗೇ ಬಿಡುತ್ತೇನೆ.