“ಇಡ್ಕಳವ್ವ, ಬುಟ್ರೆ ಒಂಟೋಯ್ತದೆ”

ಬುಧವಾರದಿಂದ ಮೇಸ್ತ್ರಿಯ ಈ ಮಾತು ಕಿವಿಯಲ್ಲೇ ಕೂತಿದೆ.

ಗುದ್ದಲಿ ಪೂಜೆ ಶ್ರಾವಣಕ್ಕೆ ಅಂತ ಇಟ್ಟುಕೊಂಡಿದ್ದೆವು. ಅದಕ್ಕೆ ಮುಂಚೆ ಮಣ್ಣು ಹೇಗಿದೆ ನೋಡೋಣ ಅಂತ ಒಂದು ಗುಂಡಿ ತೋಡಿಸಿದೆವು. ಸಂಜೆ ತೋಡಿದ್ದು, ಬೆಳಿಗ್ಗೆ ಹೋದರೆ ಮೊಣಕಾಲುದ್ದ ನೀರು. ರಾತ್ರಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಮೇಸ್ತ್ರಿ ಒಳಗೆ ಇಳಿದು ಹಾರೆ ಊರಿದರು. ಹೊಡೆಯಲಿಲ್ಲ, ಸುಮ್ನೆ ಊರಿದರು ಅಷ್ಟೇ. ಐದಡಿ ಹಾರೆ ಮೂರಡಿ ಇಳಿಯಿತು. ಆಮೇಲೆ ತುದಿಯನ್ನು ನನ್ನ ಕೈಗೆ ಕೊಟ್ಟು ಆ ಮಾತು ಅಂದರು. ಹಿಡಿದು ನಿಂತೆ. ಹಾರೆ ನಿಧಾನವಾಗಿ ಕೆಳಕ್ಕೆ ಜಾರುತ್ತಿರುವುದು ಬೆರಳಿಗೆ ಗೊತ್ತಾಗುತ್ತಿತ್ತು. ಇದರ ಮೇಲೆ ಮನೆ ನಿಲ್ಲಿಸಬೇಕು ಅಲ್ವಾ ಅನ್ನಿಸಿ ಹೊಟ್ಟೆಯೊಳಗೆ ಕಲಸಿದ ಹಾಗಾಯಿತು.

ಸೈಟು ಕೊಂಡಿದ್ದು ಏಪ್ರಿಲ್‌ನಲ್ಲಿ. ಆಗ ನಾಲೆ ನಿಂತಿತ್ತು, ಮಣ್ಣು ಬಿರುಕು ಬಿಟ್ಟಿತ್ತು. ಮಾರಿದವರು ಕಾಲಲ್ಲಿ ಒದ್ದು, “ಕಲ್ಲಿದ್ದಂಗದೆ ನೋಡಿ” ಅಂದಿದ್ದರು. ಅವರಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ. ಅದೇ ಬಯಲಲ್ಲಿ ಗದ್ದೆ ಮಾಡಿ ಬೆಳೆದವರು.

ಈಗ ಕನ್ನಂಬಾಡಿ ಕಟ್ಟೆ ತುಂಬುತ್ತಿದೆ. 124.80 ಅಡಿ ಮುಟ್ಟಿದರೆ ಭರ್ತಿ. ಮಂಡ್ಯದವರೆಲ್ಲ ಬೆಳಿಗ್ಗೆ ಎದ್ದು ಮೊದಲು ನೋಡುವುದು ಆ ಲೆಕ್ಕವನ್ನೇ. ಆ ಕಟ್ಟೆಯ ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ, ನೀರು ಬಿಟ್ಟಿದ್ದಾರೆ, ಸುತ್ತಲಿನ ಗದ್ದೆಗಳಲ್ಲಿ ನೀರು ನಿಂತಿದೆ, ನಮ್ಮ ಗುಂಡಿಗೂ ಬಂದಿದೆ. ಅದರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗುವುದಿಲ್ಲ. ಅಪ್ಪ ಕಬ್ಬು ಬೆಳೆದು ನಮ್ಮನ್ನು ಓದಿಸಿದ್ದು ಇದೇ ನಾಲೆಯ ನೀರಲ್ಲಿ. ನೀರು ನಿಲ್ಲಲಿ ಅಂತಲೇ ಹಿಂದಿನವರು ಮಟ್ಟ ಮಾಡಿ, ಬದು ಕಟ್ಟಿದ ಜಾಗ ಅದು. ಅಲ್ಲಿಗೆ ಸೈಟು ಅಂತ ಕಲ್ಲು ನೆಟ್ಟವರು ನಾವು.

ನಮ್ಮ ಭಾವ ಒಳ್ಳೆಯ ಮನುಷ್ಯ, ಕಷ್ಟಕ್ಕೆ ಮೊದಲು ಬರುವವರು. ಆದರೆ ಕೇಳುವ ತಾಳ್ಮೆ ಕಡಿಮೆ. “20 ಲೋಡ್ ಮಣ್ಣು ಹೊಡೆಸಿ, ಮೇಲೆ ಕಟ್ಟಿ, ಕಮ್ಮೀಲಿ ಆಗುತ್ತೆ” ಅಂತ ಒಂದೇ ಹಟ. ಇಂಜಿನಿಯರ್ ಹುಡುಗಿ ಒಪ್ಪಲಿಲ್ಲ. ತುಂಬಿದ ಮಣ್ಣಿನ ಭಾರಕ್ಕೇ ಕೆಳಗಿನ ಜೇಡಿಯಿಂದ ನೀರು ಹಿಂಡಿ ಹೋಗುತ್ತದಂತೆ. ವರ್ಷಗಟ್ಟಲೆ ಕುಗ್ಗುತ್ತಲೇ ಇರುತ್ತದಂತೆ. ಒಂದು ಮೂಲೆ ಜಾಸ್ತಿ, ಒಂದು ಮೂಲೆ ಕಮ್ಮಿ ಇಳಿದರೆ ಗೋಡೆ ಸೀಳುತ್ತದೆ.

ನಿನ್ನೆ ಕೈಯಲ್ಲಿ ತಿರುಗಿಸುವ ಆಗರ್ ತಂದು ಮೂರು ಕಡೆ ಕೊರೆಸಿದಳು. ಎಂಟಡಿವರೆಗೂ ಕಪ್ಪು ಕೆಸರು, ಬೆಣ್ಣೆಯ ಹಾಗೆ ಅಂಟಿಕೊಂಡು ಬರುತ್ತಿತ್ತು. ಒಂಬತ್ತಡಿಗೆ ಗರಗರ ಸದ್ದು. ಕೆಂಪಗಿನ ಗರಸು ಮಣ್ಣು ಬಂತು. ಮೇಸ್ತ್ರಿ ಬೆರಳಲ್ಲಿ ತಿಕ್ಕಿ ನೋಡಿ ತಲೆಯಾಡಿಸಿದರು. ಅಲ್ಲಿಗೆ ಮುಟ್ಟುವ ಹಾಗೆ ಸಣ್ಣ ಪೈಲ್‌ಗಳನ್ನು, ಅಂದರೆ ನೆಲದೊಳಗಿನ ಕಾಂಕ್ರೀಟ್ ಕಂಬಗಳನ್ನು ಇಳಿಸಿ, ಮೇಲೆ ಅವನ್ನೆಲ್ಲ ಸೇರಿಸಿ ಗೋಡೆ ಹೊರುವ ಪ್ಲಿಂತ್ ಬೀಮ್ ಕಟ್ಟುವುದು ಅಂತ ಮಾತಾಯಿತು. ಗೋಡೆಗೆ ಎಎಸಿ ಬ್ಲಾಕ್, ಒಳಗೆಲ್ಲ ಸಣ್ಣ ಗಾಳಿಗುಳ್ಳೆ ಇರುವ ಕಾಂಕ್ರೀಟ್ ಇಟ್ಟಿಗೆ. ಸುಟ್ಟ ಇಟ್ಟಿಗೆಗಿಂತ ಎಷ್ಟೋ ಹಗುರ, ಅಷ್ಟೇ ಗಾತ್ರಕ್ಕೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ತೂಕ.

ಪಾಯಕ್ಕೆ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೋಗುತ್ತದೆ. ಅದಕ್ಕೆ ಮೇಲಿನ ಮಹಡಿ ಬಿಟ್ಟೆವು. ಮುಂಭಾಗದ ಕಲ್ಲಿನ ಅಲಂಕಾರ, ಪಿಒಪಿ ಸೀಲಿಂಗ್ ಎಲ್ಲ ಬಿಟ್ಟೆವು. ಗೃಹಪ್ರವೇಶಕ್ಕೆ ಬಂದವರು ಸೀಲಿಂಗ್ ನೋಡುತ್ತಾರೆ, ಪೈಲ್ ಯಾರೂ ನೋಡುವುದಿಲ್ಲ. ನಮ್ಮ ಬಂಧುಗಳಲ್ಲೇ ನಾಲ್ಕು ಜನ ಸಾಲ ಮಾಡಿ ಡೂಪ್ಲೆಕ್ಸ್ ಕಟ್ಟಿಸಿದ್ದಾರೆ. ಒಬ್ಬರೂ ಮಣ್ಣು ಪರೀಕ್ಷೆ ಮಾಡಿಸಿಲ್ಲ. ಅವರ ಮನೆಗೆ ಹೋದಾಗ ಇನ್ನು ಮೇಲೆ ನನ್ನ ಕಣ್ಣು ಕಿಟಕಿಯ ಮೂಲೆಗೇ ಹೋಗುತ್ತದೆ, ಬಿರುಕು ಇದೆಯಾ ಅಂತ.

ಭಾವನಿಗೆ ಇನ್ನೂ ಫೋನ್ ಮಾಡಿಲ್ಲ. ಟಿಪ್ಪರ್‌ನವರಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದಾರಂತೆ.